ಅಜ್ಜಿಯ ಕೋಣೆಗೆ 34 ಮೀಟರ್

ಎಚ್‌ಡಿಎಂಐ ಕೇಬಲ್ಲಿಗೂ ತಂಗಿಯ ಮದುವೆಗೂ ಎಂಥ ಸಂಬಂಧ ಅಂತ ಕೇಳಬೇಡಿ. ಇದೆ. ಹೇಳುತ್ತೇನೆ. ಸ್ವಲ್ಪ ಉದ್ದದ ಕತೆ, ನಡುನಡುವೆ ಒಂದಿಷ್ಟು ಲೆಕ್ಕವೂ ಬರುತ್ತದೆ. ಲೆಕ್ಕ ಕಂಡರಾಗದವರು ಆ ಪ್ಯಾರಾ ಹಾರಿಸಿ ಮುಂದಿನದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ :-)

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಹಳೇ ಮನೆ. ಎದುರಿಗೆ ಅಂಗಳ, ಆಮೇಲೆ ಜಗಲಿ, ನಡುಮನೆ, ಅದರ ಹಿಂದೆ ಊಟದ ಮನೆ, ಅದಕ್ಕೂ ಹಿಂದೆ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಅಜ್ಜಿ. ವಯಸ್ಸು 84. 2024ರ ಮಳೆಗಾಲದಲ್ಲಿ ಹಿತ್ತಿಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಜೀವಕ್ಕೇನೂ ಆಗಲಿಲ್ಲ, ಆದರೆ ಅಲ್ಲಿಂದ ಈಚೆ ಮಂಚವೇ ಅವರ ಊರು. ದಿಂಬು ಒರಗಿಸಿ ಕೂರಿಸಿದರೆ ಹತ್ತು ಹದಿನೈದು ನಿಮಿಷ ಕೂರುತ್ತಾರೆ, ಆಮೇಲೆ ನೋವು. ಕಿವಿ ಸ್ವಲ್ಪ ಮಂದ. ಕಣ್ಣು ಮಾತ್ರ ಎರಡೂ ಪೊರೆ ತೆಗೆಸಿದ ಮೇಲೆ ನನಗಿಂತ ಚುರುಕು.

ತಂಗಿಯ ಮದುವೆ 2025ರ ಮೇ ಮೊದಲ ವಾರಕ್ಕೆ ನಿಶ್ಚಯವಾದಾಗ ಮೊದಲು ಬಂದ ಪ್ರಶ್ನೆ, ಎಲ್ಲಿ ಅಂತ. ಅಪ್ಪನಿಗೆ ಪೇಟೆಯ ಕಲ್ಯಾಣಮಂಟಪ ಸುಲಭ ಅನ್ನಿಸಿತ್ತು. ತಂಗಿ ಒಪ್ಪಲಿಲ್ಲ. "ಅಜ್ಜಿ ಇಲ್ಲೇ ಮಲಗಿರ್ತಾರೆ, ನಾನು ಅಲ್ಲಿ ಹೋಗಿ ಮದುವೆ ಆಗ್ಬೇಕಾ? ಅಂಗಳದಲ್ಲೇ ಚಪ್ಪರ ಹಾಕಿ" ಅಂದಳು. ಸರಿ, ಅಂಗಳದಲ್ಲೇ ಅಂತ ತೀರ್ಮಾನ ಆಯಿತು. ಆದರೆ ಅಂಗಳದಲ್ಲಿ ಆದ ಮಾತ್ರಕ್ಕೆ ಅಜ್ಜಿಗೆ ಕಂಡಂತಾಯಿತೇ? ಕೋಣೆಯಿಂದ ಅಂಗಳಕ್ಕೆ ಮೂರು ಹೊಸ್ತಿಲು, ಜಗಲಿಯಿಂದ ಇಳಿಯಲು ನಾಲ್ಕು ಎತ್ತರದ ಮೆಟ್ಟಿಲು, ಮೇ ತಿಂಗಳ ಸೆಕೆ, ನಾನೂರು ಜನ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬಹುದಾ ಅಂತ ಡಾಕ್ಟರನ್ನು ಕೇಳಿದ್ದಕ್ಕೆ ಅವರು ಬೇಡವೇ ಬೇಡ ಅಂದರು. ಅಜ್ಜಿಯೂ ಹಟ ಹಿಡಿಯಲಿಲ್ಲ. "ನಂಗೆ ಗಟ್ಟಿಮೇಳ ಕೇಳ್ತದಲ್ಲ, ಸಾಕು" ಅಂದರು. ಹಾಗೆ ಅಂದಿದ್ದೇ ಎಲ್ಲರಿಗೂ ಚುಚ್ಚಿತು.

ನಮ್ಮೂರ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಏನು ಗೊತ್ತಲ್ಲ? ಮಿಕ್ಸಿಯಿಂದ ಹಿಡಿದು ಡಿಶ್ ಆಂಟೆನಾ ತನಕ ಎಲ್ಲ ರಿಪೇರಿ ಮಾಡಬೇಕಾದವನು. ಹಾಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಚಿಕ್ಕಪ್ಪ ಅಂತೂ ಒಂದೇ ಮಾತಿನಲ್ಲಿ ಪರಿಹಾರ ಹೇಳಿಬಿಟ್ಟರು: "ಯೂಟ್ಯೂಬಲ್ಲಿ ಲೈವ್ ಬಿಡು ಮಾರಾಯ, ಅಜ್ಜಿ ಟೀವೀಲಿ ನೋಡ್ತಾರೆ. ಅಮೆರಿಕದವರಿಗೂ ಆಯ್ತು."

ಅಮೆರಿಕದವರಿಗೆ ಸರಿ. ಅಜ್ಜಿಗೆ ಸರಿಯಲ್ಲ. ಯಾಕೆ ಅಂದರೆ, ಲೈವ್ ಅಂತ ಹೆಸರಿದ್ದರೂ ಅದು ನಿಜಕ್ಕೂ ಲೈವ್ ಅಲ್ಲ. ಕ್ಯಾಮೆರಾದ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಹಿಂಡಿ, ಎಲ್ಲಿಗೋ ಕಳಿಸಿ, ಅಲ್ಲಿಂದ ವಾಪಸ್ ತರಿಸುವಷ್ಟರಲ್ಲಿ ಕಮ್ಮಿ ಅಂದರೂ ಕೆಲವು ಸೆಕೆಂಡು, ಸಾಮಾನ್ಯವಾಗಿ ಅರ್ಧ ನಿಮಿಷದ ಹತ್ತಿರ ತಡವಾಗುತ್ತದೆ. ಅಮೆರಿಕದಲ್ಲಿ ಕೂತವನಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಅಜ್ಜಿ ಮಲಗಿರುವುದು ಅದೇ ಮನೆಯ ಹಿಂದಿನ ಕೋಣೆಯಲ್ಲಿ! ವಾಲಗ ಗೋಡೆ ದಾಟಿ ನೇರ ಕಿವಿಗೆ ಬರುತ್ತದೆ. ಗಟ್ಟಿಮೇಳ ಬಾರಿಸಿ ಮುಗಿದು, ಜನ ಅಕ್ಷತೆ ಹಾಕಿ ಕೂತ ಮೇಲೆ ಟೀವಿಯಲ್ಲಿ ತಾಳಿ ಕಟ್ಟಿದರೆ? ಅದು ಮದುವೆ ನೋಡಿದ ಹಾಗಲ್ಲ, ಮದುವೆಯ ಸಿ.ಡಿ. ನೋಡಿದ ಹಾಗೆ. ಮೇಲಾಗಿ ನಮ್ಮನೆ ಇಂಟರ್ನೆಟ್ಟು ಕರೆಂಟಿನ ಜೊತೆಗೇ ಹೋಗುತ್ತದೆ. ಮೊಬೈಲ್ ಸಿಗ್ನಲ್ ಅಂತೂ ಕೊಟ್ಟಿಗೆ ಪಕ್ಕ ನಿಂತರೆ ಒಂದು ಕಡ್ಡಿ.

ಇನ್ನು ಫೋಟೋದವರು ಬಳಸುವ ವೈರ್‌ಲೆಸ್ ಡಬ್ಬಿಗಳಿವೆ. ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮಲ್ಲಿ ನಡುವೆ ಒಂದೂವರೆ ಅಡಿ ದಪ್ಪದ ಮೂರು ಮಣ್ಣಿನ ಗೋಡೆ. ಆ ಗೋಡೆಗಳ ಮುಂದೆ ವೈಫೈಯೇ ಕೈಮುಗಿದು ನಿಲ್ಲುತ್ತದೆ.

ಉಳಿದಿದ್ದು ಒಂದೇ ದಾರಿ. ತಂತಿ ಎಳೆಯುವುದು. ಹಗ್ಗ ಹಿಡಿದು ಅಳೆದೆ. ಮಂಟಪದ ಮೂಲೆಯಿಂದ ಚಪ್ಪರದ ಕಂಬ, ಮಾಡಿನ ಅಂಚು, ಹಿತ್ತಿಲ ಕಡೆಯಿಂದ ಸುತ್ತಿ ಕೋಣೆಯ ಕಿಟಕಿ. ಒಟ್ಟು 34 ಮೀಟರ್.

34 ಮೀಟರ್ ಏನು ಮಹಾ, ಹತ್ತಿರದ ಅಂಗಡಿಯಲ್ಲಿ ಉದ್ದದ ಎಚ್‌ಡಿಎಂಐ ವಯರ್ ತಂದು ಚುಚ್ಚಿದರಾಯಿತು ಅನ್ನಿಸಬಹುದು. ಅಲ್ಲೇ ಇರುವುದು ಮಜಾ.

ಈಗ ಲೆಕ್ಕ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಸಾಲು ಸಾಲಿನ ನಡುವೆ, ಚಿತ್ರ ಚಿತ್ರದ ನಡುವೆ ಬಿಡುವ ಖಾಲಿ ಜಾಗ ಸೇರಿಸಿದರೆ 2200 ಮತ್ತು 1125. ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ 14 ಕೋಟಿ 85 ಲಕ್ಷ ಚುಕ್ಕಿ. ಕೆಂಪು, ಹಸಿರು, ನೀಲಿ ಮೂರಕ್ಕೂ 8 ಬಿಟ್, ಅದನ್ನು ಕೇಬಲ್ಲಿನಲ್ಲಿ ಕಳಿಸುವಾಗ 10 ಬಿಟ್ ಮಾಡಿ ಕಳಿಸುತ್ತಾರೆ. ಅಂದರೆ ಸೆಕೆಂಡಿಗೆ ಸುಮಾರು 4.46 ಗಿಗಾಬಿಟ್. ಅದೇ 4ಕೆ ಚಿತ್ರ 60ರ ವೇಗದಲ್ಲಿ ಬೇಕು ಅಂದರೆ ಇದರ ನಾಲ್ಕು ಪಟ್ಟು, 17.82 ಗಿಗಾಬಿಟ್. ನಮ್ಮ ಮನೆಯ ಇಂಟರ್ನೆಟ್ಟು ಸೆಕೆಂಡಿಗೆ 0.1 ಗಿಗಾಬಿಟ್. ಕೂದಲೆಳೆಯಂಥ ತಂತಿಗಳಲ್ಲಿ ಎಂಥಾ ಪ್ರವಾಹ ಹೋಗುತ್ತಿದೆ ನೋಡಿ!

2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಮೊದಲ ಆವೃತ್ತಿ ಬಂದಾಗ ಅದನ್ನು ಮಾಡಿದವರ ತಲೆಯಲ್ಲಿದ್ದದ್ದು ಟೀವಿಯ ಕೆಳಗಿನ ಡಿವಿಡಿ ಪ್ಲೇಯರಿನಿಂದ ಟೀವಿಗೆ ಒಂದೆರಡು ಮೀಟರ್. ದೂರ ಹೋದ ಹಾಗೆ ಮೂರು ತೊಂದರೆ ಶುರುವಾಗುತ್ತದೆ.

ಮೊದಲನೆಯದು, ಸೊರಗುವುದು. ತೋಟಕ್ಕೆ ನೀರು ಬಿಡುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಪೈಪು ಉದ್ದವಾದ ಹಾಗೆ ಕೊನೆಯ ಸ್ಪ್ರಿಂಕ್ಲರ್ ತಿರುಗುವುದೇ ಇಲ್ಲ. ವಿದ್ಯುತ್ತಿನಲ್ಲಿ ಇನ್ನೊಂದು ವಿಚಿತ್ರ ಇದೆ. ವೇಗ ಹೆಚ್ಚಿದಂತೆ ಕರೆಂಟು ತಂತಿಯ ಮೈತುಂಬ ಹರಿಯದೆ ಬರೀ ಚರ್ಮದಲ್ಲಿ ಹರಿಯುತ್ತದೆ. ಮನೆಯ 50 ಹರ್ಟ್ಸ್ ಕರೆಂಟಿಗೆ ತಾಮ್ರದಲ್ಲಿ ಆ ಚರ್ಮ 9 ಮಿಲಿಮೀಟರಿಗಿಂತ ದಪ್ಪ, ಅಂದರೆ ಇಡೀ ತಂತಿ. ಸೆಕೆಂಡಿಗೆ ನೂರು ಕೋಟಿ ಸಲ ಏರಿಳಿಯುವ ಸಂಕೇತಕ್ಕೆ ಬರೀ 2 ಮೈಕ್ರೋಮೀಟರ್. ದೊಡ್ಡ ಪೈಪು ಹಾಕಿ, ಅದರ ಗೋಡೆಗೆ ಅಂಟಿದ ಪಸೆಯಲ್ಲಿ ಮಾತ್ರ ನೀರು ಬಿಟ್ಟ ಹಾಗೆ.

ಎರಡನೆಯದು, ಜೊತೆ ತಪ್ಪುವುದು. ಎಚ್‌ಡಿಎಂಐ ಒಳಗೆ ಚಿತ್ರಕ್ಕೆ ಮೂರು ಜೋಡಿ ತಂತಿ, ತಾಳ ಹಾಕಲು ಇನ್ನೊಂದು ಜೋಡಿ. ನಾಲ್ಕೂ ಜೋಡಿಯಲ್ಲಿ ಹೊರಟಿದ್ದು ಒಟ್ಟಿಗೇ ತಲುಪಬೇಕು. ಫುಲ್ ಎಚ್‌ಡಿಯಲ್ಲಿ ಒಂದು ಬಿಟ್ಟಿನ ಆಯುಸ್ಸು 0.67 ನ್ಯಾನೋಸೆಕೆಂಡು. ಒಂದು ಜೋಡಿ ಇನ್ನೊಂದಕ್ಕಿಂತ ಒಂದು ಗೇಣು ಉದ್ದ ಇದ್ದರೂ ಬಿಟ್ಟುಗಳು ಹಿಂದುಮುಂದಾಗುತ್ತವೆ. ಸ್ವಲ್ಪ ವ್ಯತ್ಯಾಸವನ್ನು ಟೀವಿ ಸರಿಮಾಡಿಕೊಳ್ಳುತ್ತದೆ, ಜಾಸ್ತಿಯಾದರೆ ಕೈಚೆಲ್ಲುತ್ತದೆ.

ಮೂರನೆಯದು ಯಾರ ಕಣ್ಣಿಗೂ ಬೀಳದ ತೊಂದರೆ. ಚಿತ್ರ ಹೋಗುವ ಮೊದಲು ಎರಡೂ ಕಡೆಯವರು ಮಾತಾಡಿಕೊಳ್ಳಬೇಕು. "ನಾನು ಇಂಥಾ ಟೀವಿ, ನನಗೆ ಇಂಥಿಂಥಾ ಅಳತೆಯ ಚಿತ್ರ ಗೊತ್ತು" ಅಂತ ಟೀವಿ ಒಂದು ಸಣ್ಣ ಜಾತಕ ಇಟ್ಟುಕೊಂಡಿರುತ್ತದೆ. ಕ್ಯಾಮೆರಾ ಅದನ್ನು ಓದಬೇಕು. (ಹೌದು, ಇಲ್ಲೂ ಜಾತಕ ಕೂಡಿಬರದೆ ಸಂಬಂಧ ಆಗುವುದಿಲ್ಲ!) ಆ ಮಾತುಕತೆಗೆ ಬಳಸುವುದು ಫಿಲಿಪ್ಸ್‌ನವರು 1982ರಲ್ಲಿ ಒಂದೇ ಸರ್ಕ್ಯೂಟ್ ಬೋರ್ಡಿನ ಚಿಪ್ಪುಗಳು ಪರಸ್ಪರ ಮಾತಾಡಲಿ ಅಂತ ಮಾಡಿದ್ದ ಐ-ಸ್ಕ್ವೇರ್ಡ್-ಸಿ ಅನ್ನುವ ಪದ್ಧತಿ. ಅಂಗೈಯಷ್ಟು ದೂರಕ್ಕೆ ಹುಟ್ಟಿದ್ದು. ಉದ್ದದ ಕೇಬಲ್ಲಿನಲ್ಲಿ ಎಷ್ಟೋ ಸಲ ಚಿತ್ರ ಕೈಕೊಡುವುದಲ್ಲ, ಈ ಜಾತಕವೇ ಓದಲು ಬರುವುದಿಲ್ಲ. ಟೀವಿ ಸುಮ್ಮನೆ "ನೋ ಸಿಗ್ನಲ್" ಅನ್ನುತ್ತದೆ.

ಹಿಂದಿನ ಆಂಟೆನಾ ಟೀವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ಚುಕ್ಕಿ ಚುಕ್ಕಿ, ನೆರಳು ನೆರಳು, ಆದರೂ ಏನೋ ಒಂದು ಕಾಣುತ್ತಿತ್ತು. ಡಿಜಿಟಲ್ ಹಾಗಲ್ಲ. 10 ಮೀಟರಿಗೆ ಲಕಲಕ ಹೊಳೆಯುವ ಚಿತ್ರ, ಸ್ವಲ್ಪ ಮುಂದೆ ಹೋದರೆ ಮಿಂಚುಹುಳದಂಥ ಕಿಡಿಗಳು, ಇನ್ನೂ ಸ್ವಲ್ಪ ಮುಂದೆ ಹೋದರೆ ಪೂರ್ತಿ ಕತ್ತಲೆ. ನಡುವೆ ರಾಜಿ ಇಲ್ಲ.

ಹಾಗಾದರೆ 4ಕೆ ಬೇಕಾ, ಫುಲ್ ಎಚ್‌ಡಿ ಸಾಕಾ? ಅಜ್ಜಿಯ ಬೇಡಿಕೆ ಸ್ಪಷ್ಟ ಇತ್ತು. "ಮುಖ ಕಾಣ್ಬೇಕು ಮಾರಾಯ. ಯಾರ್ಯಾರು ಬಂದಿದಾರೆ ಗೊತ್ತಾಗ್ಬೇಕು." ನಡುಮನೆಯಲ್ಲಿದ್ದ 43 ಇಂಚಿನ ಟೀವಿಯನ್ನು ಅಜ್ಜಿಯ ಕೋಣೆಗೆ ಸಾಗಿಸುವುದು, ಮಂಚದಿಂದ 6 ಅಡಿ ದೂರ. ಆ ಟೀವಿಯ ಅಗಲ 95 ಸೆಂಟಿಮೀಟರ್. 1920ರಿಂದ ಭಾಗಿಸಿದರೆ ಒಂದು ಚುಕ್ಕಿ ಅರ್ಧ ಮಿಲಿಮೀಟರ್. ಒಳ್ಳೆಯ ಕಣ್ಣು 6 ಅಡಿಯಿಂದ ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಅಂತರವೂ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರೇ. ಅಂದಮೇಲೆ ಆ ದೂರಕ್ಕೆ 4ಕೆ ಕಳಿಸಿದರೂ ಅಜ್ಜಿಗೆ ಹೆಚ್ಚಿಗೆ ಸಿಗುವುದು ಅಷ್ಟರಲ್ಲೇ ಇತ್ತು. ಅದರ ಬದಲು ಫುಲ್ ಎಚ್‌ಡಿಯನ್ನು ಹಿಂಡದೆ, ಸೋಸದೆ, 60ರ ವೇಗದಲ್ಲಿ ಹಾಗೇ ಕಳಿಸಿದರೆ ತಂತಿಯ ಮೇಲಿನ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಅಲ್ಲಿಗೆ ತೀರ್ಮಾನ ಆಯಿತು.

ಇನ್ನು ಯಾವ ತಂತಿ? ನನ್ನ ಮುಂದೆ ನಾಲ್ಕು ದಾರಿ ಇತ್ತು.

ಒಂದು, ಮಾಮೂಲಿ ತಾಮ್ರದ ಎಚ್‌ಡಿಎಂಐ. ಆಫೀಸಿನ ಮೀಟಿಂಗ್ ರೂಮಿನವರಿಂದ 20 ಮೀಟರಿನದೊಂದು ಎರವಲು ತಂದು ನೋಡಿದೆ. ಹೆಬ್ಬೆರಳಷ್ಟು ದಪ್ಪ, ಹೆಬ್ಬಾವಿನ ಹಾಗೆ ಸುತ್ತಿಕೊಂಡಿತ್ತು. ಫುಲ್ ಎಚ್‌ಡಿಯಲ್ಲಿ ಆಗಲೇ ಕಿಡಿಗಳು. 34 ಮೀಟರಿನ ಮಾತು ಬಿಡಿ.

ಎರಡು, ಬೆಳಕಿನ ಕೇಬಲ್. ಕಳಿಸುವ ತುದಿಯ ಪ್ಲಗ್ಗಿನೊಳಗೆ ಸಣ್ಣ ಲೇಸರು, ನಡುವೆ ಗಾಜಿನ ಎಳೆ. 50 ಮೀಟರಿಗೂ 4ಕೆ ಆರಾಮಾಗಿ ಹೋಗುತ್ತದೆ, ಬಳ್ಳಿಯಷ್ಟು ತೆಳು. ಮನೆಯೊಳಗೆ ಪೈಪಿನಲ್ಲಿ ಒಮ್ಮೆ ಎಳೆದು ಬಿಡುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದೇ ನೆನಪಿಡಿ, ಇದಕ್ಕೆ ತಲೆ ಬುಡ ಬೇರೆ ಬೇರೆ. ಕಳಿಸುವ ತುದಿ, ಟೀವಿಯ ತುದಿ ಅಂತ ಬರೆದಿರುತ್ತದೆ. ಆದರೆ ಮದುವೆ ಮನೆಯಲ್ಲಿ ನನಗೆ ಒಂದು ಹೆದರಿಕೆ ಇತ್ತು. ಎಲ್ಲಾದರೂ ಮುರಿದರೆ ಅಥವಾ ಯಾರಾದರೂ ತುಳಿದರೆ ಅದನ್ನು ನಾನು ಅಲ್ಲೇ ಕೂತು ರಿಪೇರಿ ಮಾಡಲಾರೆ. ಇಡೀ ಕೇಬಲ್ ಹೊಸದೇ ಬೇಕು.

ಮೂರು, ಟೀವಿ ಚಾನೆಲ್ಲಿನವರ ದಾರಿ. ಅವರು ಎಸ್‌ಡಿಐ ಅಂತ ಬಳಸುತ್ತಾರೆ. ಡಿಶ್‌ಗೆ ಹಾಕುವ ಕರಿ ವಯರಿನಂಥದ್ದೇ ಒಂದು ಒಳ್ಳೆಯ ದರ್ಜೆಯ ತಂತಿ ಸಾಕು, ಫುಲ್ ಎಚ್‌ಡಿ 70 ಮೀಟರ್ ದಾಟುತ್ತದೆ. ಪ್ಲಗ್ಗು ತಿರುಗಿಸಿ ಬಿಗಿ ಮಾಡುವಂಥದ್ದು, ಎಳೆದರೂ ಕಳಚುವುದಿಲ್ಲ. ಎರಡೂ ಕಡೆಗೆ ಪರಿವರ್ತಕ ಡಬ್ಬಿ ಬೇಕು.

ನಾಲ್ಕು, ಮಾಮೂಲಿ ಲ್ಯಾನ್ ವಯರ್. ಇದರಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಂಗಡಿಯಲ್ಲಿ "ಎಚ್‌ಡಿಎಂಐ ಎಕ್ಸ್‌ಟೆಂಡರ್" ಅಂತ ಕೇಳಿದರೆ ನೋಡಲು ಒಂದೇ ಥರದ ಮೂರು ಜಾತಿಯ ಡಬ್ಬಿ ಕೊಡುತ್ತಾರೆ. ಒಂದು ಜಾತಿ, ಎಚ್‌ಡಿಎಂಐ ತಂತಿಗಳನ್ನು ಹಾಗೇ ಲ್ಯಾನ್ ವಯರಿನ ಜೋಡಿಗಳಿಗೆ ಜೋಡಿಸಿಬಿಡುವುದು. ಲ್ಯಾನ್ ವಯರಿನ ನಾಲ್ಕು ಜೋಡಿಗಳ ಹೊಸೆತ ಬೇಕೆಂತಲೇ ಬೇರೆ ಬೇರೆ ಇರುತ್ತದೆ, ಒಂದರ ಗಲಾಟೆ ಇನ್ನೊಂದಕ್ಕೆ ತಾಗದಿರಲಿ ಅಂತ. ಹೊಸೆತ ಬೇರೆಯಾದರೆ ಉದ್ದವೂ ಬೇರೆ. 100 ಮೀಟರಿಗೆ 45 ನ್ಯಾನೋಸೆಕೆಂಡು ತನಕ ಹಿಂದುಮುಂದಾಗಲು ನಿಯಮದಲ್ಲೇ ಅವಕಾಶ ಇದೆ. ಬಿಟ್ಟಿನ ಆಯುಸ್ಸು 0.67 ಅಂತ ಮೇಲೆ ಹೇಳಿದೆನಲ್ಲ, ಹೋಲಿಸಿ ನೋಡಿ. ಇನ್ನೊಂದು ಜಾತಿ, ಚಿತ್ರವನ್ನು ಹಿಂಡಿ ಇಂಟರ್ನೆಟ್ ಪೊಟ್ಟಣಗಳಾಗಿ ಕಳಿಸುವುದು. ದೂರ ಹೋಗುತ್ತದೆ, ಆದರೆ ಚಿತ್ರ ಸ್ವಲ್ಪ ಮಸುಕು, ಸ್ವಲ್ಪ ತಡ. ಮೂರನೆಯದು ಎಚ್‌ಡಿಬೇಸ್‌ಟಿ. ವ್ಯಾಲೆನ್ಸ್, ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಸೇರಿ 2010ರಲ್ಲಿ ಹೊರತಂದಿದ್ದು. ಚಿತ್ರವನ್ನು ಹಿಂಡುವುದಿಲ್ಲ. ಬರೀ ಸೊನ್ನೆ-ಒಂದರ ಎರಡು ಮಟ್ಟದ ಬದಲು 16 ಮಟ್ಟದ ವೋಲ್ಟೇಜಿನಲ್ಲಿ ಬರೆದು, ಜೋಡಿಗಳ ಹಿಂದುಮುಂದನ್ನು ತಾನೇ ಸರಿಪಡಿಸಿಕೊಂಡು, ಒಂದೇ ಲ್ಯಾನ್ ವಯರಿನಲ್ಲಿ 100 ಮೀಟರ್ ತನಕ ಕಳಿಸುತ್ತದೆ. ಜಾತಕದ ಮಾತುಕತೆಯನ್ನೂ ಅದೇ ಹೊತ್ತೊಯ್ಯುತ್ತದೆ. ಒಂದು ತುದಿಯ ಡಬ್ಬಿಗೆ ಕರೆಂಟು ಕೊಟ್ಟರೆ ಇನ್ನೊಂದು ತುದಿಗೂ ಅದೇ ವಯರಿನಲ್ಲಿ ಕರೆಂಟು ಕೊಡುವಂಥದ್ದೂ ಸಿಗುತ್ತದೆ.

ನಾನು ಇದನ್ನೇ ಆರಿಸಿದೆ. ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ರಿಪೇರಿ. ಲ್ಯಾನ್ ವಯರನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಪ್ಲಗ್ಗು ಒತ್ತಿ, ಐದು ನಿಮಿಷದಲ್ಲಿ ಕೂಡಿಸಬಹುದು. ಮದುವೆ ಮನೆಯಲ್ಲಿ ಏನೂ ಆಗುವುದಿಲ್ಲ ಅಂತ ನಂಬುವವನು ಮದುವೆ ಮಾಡಿಸಿದವನಲ್ಲ! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುತ್ತಿ ಎರಡು ಡಬ್ಬಿಗೆ 12,000 ರೂಪಾಯಿ ಕೊಟ್ಟೆ. ವಯರ್ ತಗೊಳ್ಳುವಾಗ ಒಂದು ತುಂಡಿನ ತುದಿ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಪದರ ಹಚ್ಚಿದ ಅಲ್ಯುಮಿನಿಯಂ. ಅಗ್ಗ, ಆದರೆ ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಕೆರೆದರೂ ಕೆಂಪಗೇ ಇರುವುದನ್ನು 50 ಮೀಟರ್ ತಂದೆ.

ಬೆಂಗಳೂರಿನ ರೂಮಿನಲ್ಲೇ ಮೊದಲು ಪ್ರಯೋಗ. ಗೆಳೆಯನ ಕ್ಯಾಮೆರಾ, ಕಾರಿಡಾರಿನಲ್ಲಿ ಹೋಗಿ ಬಂದು ಹೋಗಿ ಬಂದು 50 ಮೀಟರ್ ವಯರು. ತಡ ಎಷ್ಟು ಅಂತ ಅಳೆಯಲು ಒಂದು ಸುಲಭ ಉಪಾಯ ಇದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಇಡಿ. ಆಮೇಲೆ ಆ ಮೊಬೈಲೂ ಟೀವಿಯೂ ಒಟ್ಟಿಗೆ ಬರುವ ಹಾಗೆ ಇನ್ನೊಂದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ತಡ. ಟೀವಿಯನ್ನು ಗೇಮ್ ಮೋಡಿಗೆ ಹಾಕಿದ ಮೇಲೆ ನನಗೆ ಸಿಕ್ಕಿದ್ದು ಸುಮಾರು 0.1 ಸೆಕೆಂಡು. ಅದೂ ಕ್ಯಾಮೆರಾದ್ದು ಮತ್ತು ಟೀವಿಯದ್ದು. ತಂತಿಯ ಪಾಲು ಅದರಲ್ಲಿ ಲೆಕ್ಕಕ್ಕೇ ಇಲ್ಲ.

ಇಲ್ಲಿ ನನಗೆ ಖುಷಿ ಕೊಟ್ಟ ಒಂದು ವಿಷಯ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಂಟಪದಿಂದ ಅಜ್ಜಿಯ ಕೋಣೆಗೆ ನೇರ ದೂರ 20 ಮೀಟರ್. ಅಂದರೆ ವಾಲಗದ ಶಬ್ದವೂ ಅಜ್ಜಿಗೆ 0.06 ಸೆಕೆಂಡು ತಡವಾಗಿಯೇ ತಲುಪುತ್ತದೆ. ಚಿತ್ರಕ್ಕಿಂತ ಶಬ್ದ 0.045 ಸೆಕೆಂಡಿಗಿಂತ ಹೆಚ್ಚು ಮುಂದಿದ್ದರೆ ಮಾತ್ರ ಜನಕ್ಕೆ ಗೊತ್ತಾಗುತ್ತದೆ ಅಂತ ಟೀವಿ ಪ್ರಸಾರದವರ ಅಂತರರಾಷ್ಟ್ರೀಯ ಲೆಕ್ಕ. ನಮ್ಮ ವ್ಯತ್ಯಾಸ 0.04. ಗಾಳಿ ಮತ್ತು ಗೋಡೆ ನನ್ನ ಪರವಾಗಿ ಕೆಲಸ ಮಾಡಿದ್ದವು. ಟೀವಿಯ ಧ್ವನಿ ಪೂರ್ತಿ ಮುಚ್ಚಿ, ನಿಜವಾದ ವಾಲಗವನ್ನೇ ಕೇಳಿಸುವುದು ಅಂತ ನಿರ್ಧಾರ ಮಾಡಿದೆ.

ಮದುವೆಗೆ ಮೂರು ದಿನ ಮೊದಲು ಊರಿಗೆ ಹೋಗಿ ವಯರ್ ಎಳೆದೆ. ಅಡಿಕೆ ಮರದ ಕಂಬ ನೆಟ್ಟು, ಮೇಲೆ ಸೋಗೆ ಹೊದೆಸುತ್ತಿದ್ದರು. ಆಳುಗಳ ಜೊತೆ ನಾನೂ ಏಣಿ ಹತ್ತಿ ಬಾಳೆನಾರಿನಲ್ಲಿ ವಯರ್ ಕಟ್ಟಿದೆ. ಅಜ್ಜಿ ಕಿಟಕಿಯಿಂದ ನೋಡಿ, "ಅದೆಂಥ ದಾರ ಕಟ್ತಾ ಇದೀಯ ಮಾರಾಯ ಮನೆ ಸುತ್ತ?" ಅಂದರು. ನಿಮಗೆ ಮದುವೆ ತೋರಿಸುವ ದಾರ ಅಂದೆ. ನಗಾಡಿದರು. ನಂಬಿದ ಹಾಗೆ ಕಾಣಲಿಲ್ಲ.

ಅಜ್ಜಿಯ ಕೋಣೆಯ ಟೀವಿ, ಡಬ್ಬಿ ಎರಡೂ ಇನ್ವರ್ಟರಿನ ಮೇಲೆ. ಮಂಟಪದ ಕಡೆಯ ಡಬ್ಬಿಗೆ ಕರೆಂಟು ಅದೇ ವಯರಿನಲ್ಲಿ, ಕ್ಯಾಮೆರಾಕ್ಕೆ ಬ್ಯಾಟರಿ. ಕರೆಂಟು ಹೋದರೂ ಚಿತ್ರ ಹೋಗಬಾರದು. ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆಯ ಸಿಡಿಲು ಗೊತ್ತಿದ್ದದ್ದೇ. ಹೊರಗಿನಿಂದ ಒಳಗೆ ಬರುವ ಉದ್ದದ ತಾಮ್ರದ ತಂತಿ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗೆ. ಹಾಗಾಗಿ ದಿನಾ ಮಧ್ಯಾಹ್ನ ಮೂರಕ್ಕೆ ಎರಡೂ ತುದಿ ಕಿತ್ತಿಡುವುದು ಅಂತ ನಿಯಮ. ಮುಹೂರ್ತ ಬೆಳಿಗ್ಗೆ 11.40ಕ್ಕೆ, ಅಷ್ಟು ಹೊತ್ತಿಗೆ ಸಿಡಿಲಿನ ಭಯ ಕಮ್ಮಿ.

ಮದುವೆ ದಿನ ಬೆಳಿಗ್ಗೆ ಏಳಕ್ಕೆ ಚಿತ್ರ ಕನ್ನಡಿಯ ಹಾಗೆ ಬರುತ್ತಿತ್ತು. ಒಂಬತ್ತೂವರೆಗೆ ದೊಡ್ಡಮ್ಮ ಓಡಿಬಂದರು. "ಟೀವೀಲಿ ಎಂಥದೂ ಇಲ್ಲ ಮಗಾ, ನೀಲಿ ಬಣ್ಣ." ಮೈಯೆಲ್ಲ ಬೆವರಿತು. ದಿಬ್ಬಣ ಬರಲು ಅರ್ಧ ಗಂಟೆ. ಡಬ್ಬಿಯ ಲಿಂಕ್ ದೀಪ ಹತ್ತಿ ಆರಿ ಮಾಡುತ್ತಿತ್ತು. ಲ್ಯಾನ್ ಟೆಸ್ಟರ್ ಹಾಕಿದರೆ 3 ಮತ್ತು 6ನೇ ತಂತಿ ಒಂದಕ್ಕೊಂದು ತಾಗಿವೆ ಅಂತ ತೋರಿಸಿತು. ಅಂದರೆ ವಯರಿಗೆ ಏನೋ ಚುಚ್ಚಿದೆ. ಕಂಬ ಕಂಬ ನೋಡುತ್ತಾ ನಡೆದೆ. ಆರನೇ ಕಂಬದಲ್ಲಿ ಸಿಕ್ಕಿತು. ಹೂವಿನ ಅಲಂಕಾರ ಮಾಡುವ ಹುಡುಗ ಚೆಂಡುಹೂವಿನ ಮಾಲೆ ನಿಲ್ಲಿಸಲು ಹೊಡೆದ ಪಿನ್ನು ನೇರ ವಯರಿನ ಹೊಟ್ಟೆಗೇ ಹೊಕ್ಕಿತ್ತು. ಪಾಪ, ಅವನಿಗೆ ಅದು ವಯರು ಅಂತಲೇ ಗೊತ್ತಿರಲಿಲ್ಲ, ಬಾಳೆನಾರು ಸುತ್ತಿತ್ತಲ್ಲ. ಏಣಿಯ ಮೇಲೆ ರೇಷ್ಮೆ ಪಂಚೆಯಲ್ಲಿ ಕೂತು ಆ ಜಾಗ ಕತ್ತರಿಸಿ, ಎಂಟೆಂಟು ಬಣ್ಣದ ಎಳೆ ಸಾಲಾಗಿ ಹಿಡಿದು, ಎರಡು ಪ್ಲಗ್ಗು ಒತ್ತಿ, ನಡುವೆ ಜೋಡಿಸುವ ಸಾಕೆಟ್ ಹಾಕಿದೆ. ಹತ್ತು ನಿಮಿಷ. ಒಳಗಿಂದ ದೊಡ್ಡಮ್ಮನ ದನಿ ಕೇಳಿತು, "ಬಂತು, ಬಂತು!"

ಆಮೇಲೆ ನಾನು ಆ ಕಡೆ ತಲೆ ಹಾಕಲಾಗಲಿಲ್ಲ. ಮದುಮಗಳ ಅಣ್ಣನಿಗೆ ಅವನದೇ ಕೆಲಸ ಇರುತ್ತದೆ. ಕ್ಯಾಮೆರಾ ಹಿಂದೆ ಚಿಕ್ಕಪ್ಪನ ಮಗನನ್ನು ನಿಲ್ಲಿಸಿದ್ದೆ. ನನ್ನ ವಯರು ಒಂದೇ ಕಡೆಗೆ ಹೋಗುವಂಥದ್ದು, ಅಜ್ಜಿಯ ಮಾತು ಇತ್ತ ಬರಲು ದಾರಿ ಇಲ್ಲ. ಅದಕ್ಕೆ ಅತ್ತೆಯ ಮಗಳನ್ನು, ಎಂಟು ವರ್ಷದ್ದು, ಓಡಾಟಕ್ಕೆ ಇಟ್ಟಿದ್ದೆವು. "ಅಜ್ಜಿ ಹೇಳಿದ್ರು, ಮದುಮಕ್ಕಳನ್ನೇ ಎಷ್ಟು ಹೊತ್ತು ತೋರಿಸ್ತಾನೆ, ಕೂತವರನ್ನ ತೋರಿಸು ಅಂತ." ಸ್ವಲ್ಪ ಹೊತ್ತಿಗೆ ಮತ್ತೆ, "ಆ ಹಸುರು ಸೀರೆಯವರು ಯಾರು ಅಂತೆ."

ಧಾರೆ ಆಯಿತು. ಗಟ್ಟಿಮೇಳ, ಅಕ್ಷತೆ, ಗದ್ದಲ. ನಾವೆಲ್ಲ ಅಪ್ಪ ಅಮ್ಮನ ಎದುರೇ ನಿಂತಿದ್ದೆವು. ಎಲ್ಲರ ಕಣ್ಣೂ ತಂಗಿಯ ಮೇಲೆ. ಆಗ ಆ ಹುಡುಗಿ ಜನರ ನಡುವೆ ನುಸುಳಿ ಬಂದು ನನ್ನ ಪಂಚೆ ಎಳೆದಳು. ಕೈಯಲ್ಲಿ ಒಂದು ಲೋಟ ಪಾನಕ. "ಮಾವನಿಗೆ ಈಗ್ಲೇ ಕುಡಿಸ್ಬೇಕಂತೆ. ಮಾವನ ಕೈ ನಡುಗ್ತಿದೆ, ಮುಖ ಬೆವರ್ತಿದೆ ಅಂತ ಅಜ್ಜಿ ಹೇಳಿದ್ರು."

ಅಪ್ಪನನ್ನು ಆಗ ನೋಡಿದೆ. ಗಿಂಡಿ ಹಿಡಿದ ಕೈ ನಿಜಕ್ಕೂ ನಡುಗುತ್ತಿತ್ತು. ಅಪ್ಪನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮಗಳನ್ನು ಧಾರೆ ಎರೆಯುವವನು ಉಪವಾಸ ಇರಬೇಕು ಅಂತ ಏನೂ ತಿಂದಿರಲಿಲ್ಲ, ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ನಾವು ಯಾರಾದರೂ ಗಮನಿಸಿದ್ದರೂ ಮಗಳನ್ನು ಕಳಿಸುವ ದುಃಖ ಅಂತಲೇ ಅಂದುಕೊಳ್ಳುತ್ತಿದ್ದೆವು. "ಏನೂ ಆಗಿಲ್ಲ ಬಿಡಿ" ಅಂತ ಅಪ್ಪ ಹೇಳುತ್ತಿದ್ದರೂ ಕೂರಿಸಿ ಪಾನಕ ಕುಡಿಸಿದೆವು. ಜಗಲಿಗೆ ಕರೆದೊಯ್ದು ಮೀಟರಿನಲ್ಲಿ ನೋಡಿದರೆ 58. ಪಾನಕ ಕುಡಿದ ಮೇಲೂ! ಮತ್ತೊಂದು ಲೋಟ ಕುಡಿಸಿ, ಒಂದು ಬಾಳೆಹಣ್ಣು ತಿನ್ನಿಸಿ, ಕಾಲು ಗಂಟೆ ಬಿಟ್ಟು ನೋಡಿದಾಗ 91. ಭಟ್ಟರು ಅಷ್ಟು ಹೊತ್ತು ಏನೂ ಅವಸರ ಮಾಡದೆ ಕಾದರು.

ಮದುಮಕ್ಕಳು ಕಾಲಿಗೆ ಬೀಳಲು ಅಜ್ಜಿಯ ಕೋಣೆಗೆ ಹೋದಾಗ ನಾನೂ ಹೋದೆ. ಇಬ್ಬರ ತಲೆ ಮುಟ್ಟಿ ಹರಸಿದ ಮೇಲೆ ಅಜ್ಜಿ ಅಪ್ಪನ ಕಡೆ ತಿರುಗಿ, "ಸಣ್ಣವನಿದ್ದಾಗ್ಲೂ ಹಾಗೇ. ಹಸಿವಾದ್ರೆ ಬಾಯಿಬಿಟ್ಟು ಹೇಳ್ತಿರ್ಲಿಲ್ಲ, ಕೈ ನಡುಗ್ತಿತ್ತು" ಅಂದರು. ಅರವತ್ತೆರಡು ವರ್ಷದ ಅಪ್ಪ ಶಾಲೆ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ನಾನೂರು ಜನ ಹತ್ತಿರದಲ್ಲೇ ಇದ್ದು ಕಾಣದ್ದನ್ನು ಅಜ್ಜಿ ಮೂರು ಗೋಡೆಯ ಆಚೆಯಿಂದ ಕಂಡಿದ್ದರು. ತಂತಿ ಮಾಡಿದ್ದು ಇಷ್ಟೇ. ಅರ್ಧ ಮಿಲಿಮೀಟರಿನ ಚುಕ್ಕಿಗಳನ್ನು ಹಿಂಡದೆ, ತಡ ಮಾಡದೆ, ಹೊರಟ ಹಾಗೇ ತಲುಪಿಸಿತು. ನೋಡಿದ್ದು ತಾಯಿ.

ಮದುವೆ ಮುಗಿದ ಮೇಲೆ ಟೀವಿ ನಡುಮನೆಗೆ ವಾಪಸ್ಸಾಯಿತು, ಎಚ್‌ಡಿಬೇಸ್‌ಟಿ ಡಬ್ಬಿಗಳು ನನ್ನ ಜೊತೆ ಬೆಂಗಳೂರಿಗೆ ಬಂದವು. ಚಪ್ಪರ ಬಿಚ್ಚುವಾಗ ವಯರನ್ನೂ ಸುತ್ತಿಡಲು ಹೊರಟರೆ ಅಜ್ಜಿ ಬೇಡ ಅಂದರು. "ಅಂಗಳ ಕಾಣ್ತಿತ್ತು ಮಾರಾಯ. ಹತ್ತು ತಿಂಗ್ಳಾಗಿತ್ತು ಅಂಗಳ ನೋಡಿ." ಈಗ ಅದೇ ವಯರನ್ನು ಮಾಡಿನ ಕೆಳಗೆ ಪೈಪಿನೊಳಗೆ ಹಾಕಿಸಿ, ಜಗಲಿಯ ಕಂಬದಲ್ಲಿ ಒಂದು ಸಣ್ಣ ಕಣ್ಗಾವಲು ಕ್ಯಾಮೆರಾ ಕೂರಿಸಿದ್ದೇನೆ. ಅದಕ್ಕೂ ಕರೆಂಟು ಆ ವಯರಿನಲ್ಲೇ. ಅಜ್ಜಿಯ ಕೋಣೆಯಲ್ಲಿ ಹಳೇ ಮಾನಿಟರ್. ಚಿತ್ರ ಅರ್ಧ ಸೆಕೆಂಡು ತಡವಾಗಿ ಬರುತ್ತದೆ, ಆದರೆ ಅಡಿಕೆ ಒಣಗುವುದಕ್ಕೆ, ದನ ಹಟ್ಟಿಗೆ ಬರುವುದಕ್ಕೆ, ಮಳೆ ಹೊಯ್ಯುವುದಕ್ಕೆ ಅಷ್ಟು ಅವಸರ ಇಲ್ಲ. ಮಳೆ ಮೋಡ ಕಂಡರೆ ಅಂಗಳದಲ್ಲಿ ಹರವಿದ್ದನ್ನು ಒಳಗೆ ತರಲು ಮೊದಲು ಕೂಗುವವರು ಈಗ ಅಜ್ಜಿಯೇ!

ಮನೆ ಕಟ್ಟಿಸುತ್ತಿರುವವರಿಗೆ, ಹಳೇ ಮನೆ ರಿಪೇರಿ ಮಾಡಿಸುವವರಿಗೆ ಒಂದು ಮಾತು. ಯಾವ ಕೇಬಲ್ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಎಚ್‌ಡಿಎಂಐ 2017ರ 2.1 ಆವೃತ್ತಿಯಲ್ಲೇ ಸೆಕೆಂಡಿಗೆ 48 ಗಿಗಾಬಿಟ್ ಮುಟ್ಟಿತ್ತು, ಇವತ್ತು ಗೋಡೆಯಲ್ಲಿ ಹುಗಿದ ತಂತಿ ಹತ್ತು ವರ್ಷಕ್ಕೆ ಹಳತಾಗುತ್ತದೆ. ಅದರ ಬದಲು ಗಾರೆ ಮೆತ್ತುವ ಮೊದಲು ಕೋಣೆ ಕೋಣೆಗೆ ಒಂದು ಅಗಲದ ಖಾಲಿ ಪೈಪು ಹಾಕಿಸಿ, ತಿರುವುಗಳನ್ನು ನಿಧಾನವಾಗಿ ಬಳಸಿ, ಒಳಗೊಂದು ಗಟ್ಟಿ ದಾರ ಬಿಟ್ಟಿರಿ. ಯಾವ ಕಾಲದ ತಂತಿಯನ್ನಾದರೂ ಆ ದಾರಕ್ಕೆ ಕಟ್ಟಿ ಎಳೆದುಕೊಳ್ಳಬಹುದು. ಮುಖ್ಯವಾಗಿ ಮನೆಯ ಅತಿ ಹಿಂದಿನ ಕೋಣೆಗೆ ಆ ಪೈಪು ತಪ್ಪಿಸಬೇಡಿ. ಒಂದಲ್ಲ ಒಂದು ದಿನ ಅಲ್ಲಿ ಯಾರಾದರೂ ಮಲಗಿಯೇ ಮಲಗುತ್ತಾರೆ.